ಸ್ನಾಯುವಿದ್ಯುಲ್ಲೇಖನ ಮತ್ತು ವರ್ತನೆ

ಸ್ನಾಯು ಬಿಗಿಯುವಾಗ ಅದರ ಎಳೆಗಳಲ್ಲಿ ಹುಟ್ಟುವ ವಿದ್ಯುತ್ತನ್ನು ಚರ್ಮದ ಮೇಲಿಂದಲೋ ಒಳಗೆ ಚುಚ್ಚಿದ ಸೂಜಿಯಿಂದಲೋ ಹಿಡಿದು, ಹಿಗ್ಗಿಸಿ, ದಾಖಲಿಸುವ ವಿಧಾನ ಸ್ನಾಯುವಿದ್ಯುಲ್ಲೇಖನ. ಆಸ್ಪತ್ರೆಯ ಮಾತಿನಲ್ಲಿ ಇದು ಇಎಂಜಿ. ಹೃದಯಕ್ಕೆ ಇಸಿಜಿ, ಮಿದುಳಿಗೆ ಇಇಜಿ ಇದ್ದಂತೆ ಕೈಕಾಲು, ಮುಖ, ದವಡೆ, ಬೆನ್ನುಗಳ ಸ್ನಾಯುಗಳಿಗೆ ಇಎಂಜಿ. ನರರೋಗ ತಜ್ಞರು ಇದನ್ನು ರೋಗ ಪತ್ತೆಗೆ ಬಳಸುತ್ತಾರೆ. ಮನೋವಿಜ್ಞಾನಿಗಳ ಆಸಕ್ತಿ ಬೇರೆ. ಮನುಷ್ಯ ಮಾಡುವ ಕೆಲಸವೆಲ್ಲ, ಮಾತು, ನಗು, ನಡಿಗೆ, ಕಣ್ಣು ಮಿಟುಕಿಸುವುದು ಸೇರಿ, ಸ್ನಾಯುವಿನ ಮೂಲಕವೇ ಹೊರಗೆ ಬರಬೇಕು. ಹಾಗೆ ಬರುವ ಮೊದಲು, ಕೆಲವೊಮ್ಮೆ ಬರದೆ ಒಳಗೇ ಉಳಿದಾಗಲೂ, ಸ್ನಾಯುವಿನಲ್ಲಿ ವಿದ್ಯುತ್ತಿನ ಜಾಡು ಬಿದ್ದಿರುತ್ತದೆ. ಹುಬ್ಬು ಗಂಟಿಕ್ಕಿದ, ಹಲ್ಲು ಕಡಿದ, ಮುಷ್ಟಿ ಬಿಗಿದ ಎಂದು ಮನಸ್ಸಿನ ಸ್ಥಿತಿಯನ್ನು ಸ್ನಾಯುವಿನ ಹೆಸರಲ್ಲೇ ಹೇಳುವುದು ಆಡುಮಾತಿನ ರೂಢಿ. ಈ ನಂಟು ಎಷ್ಟು ನಿಜ, ಎಲ್ಲಿಯವರೆಗೆ ನಿಜ ಎಂದು ಅಳತೆಗೆ ಒಡ್ಡಿದ್ದು ಇಎಂಜಿ.

ಸಂಕೇತದ ಹುಟ್ಟು

ಬೆನ್ನುಹುರಿಯಲ್ಲಿ ಅಥವಾ ಮಿದುಳಿನ ಬುಡದಲ್ಲಿರುವ ಒಂದು ಚಾಲಕ ನರಕೋಶ ತನ್ನ ಉದ್ದನೆಯ ತಂತುವನ್ನು ಸ್ನಾಯುವಿನವರೆಗೆ ಚಾಚಿ, ಅಲ್ಲಿ ಕವಲೊಡೆದು ಹಲವು ಎಳೆಗಳನ್ನು ಮುಟ್ಟುತ್ತದೆ. ಆ ನರಕೋಶ ಮತ್ತು ಅದರ ಅಂಕೆಯಲ್ಲಿರುವ ಎಳೆಗಳು ಸೇರಿ ಒಂದು ಚಾಲಕ ಘಟಕ. ಕಣ್ಣುಗುಡ್ಡೆಯನ್ನು ಹೊರಳಿಸುವ ಸ್ನಾಯುಗಳಲ್ಲಿ ಒಂದು ಘಟಕಕ್ಕೆ ಸುಮಾರು ಹತ್ತು ಎಳೆ, ಮೀನಖಂಡದಲ್ಲಿ ಸಾವಿರಕ್ಕೂ ಹೆಚ್ಚು. ನವಿರಾದ ಕೆಲಸಕ್ಕೆ ಚಿಕ್ಕ ಘಟಕ, ಭಾರದ ಕೆಲಸಕ್ಕೆ ದೊಡ್ಡ ಘಟಕ ಎಂಬುದು ದೇಹದ ಲೆಕ್ಕ.

ವಿಶ್ರಾಂತಿಯಲ್ಲಿರುವ ಸ್ನಾಯುವಿನ ಎಳೆಯ ಒಳಭಾಗ ಹೊರಭಾಗಕ್ಕಿಂತ ಸುಮಾರು 80ರಿಂದ 90 ಮಿಲಿವೋಲ್ಟ್‌ನಷ್ಟು ಋಣವಾಗಿರುತ್ತದೆ. ನರದ ತುದಿ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕವನ್ನು ಸುರಿದೊಡನೆ ಸೋಡಿಯಂ ಅಯಾನುಗಳು ಒಳನುಗ್ಗಿ ಈ ಸ್ಥಿತಿ ಕ್ಷಣಕಾಲ ತಲೆಕೆಳಗಾಗುತ್ತದೆ. ಇದು ಕ್ರಿಯಾವಿಭವ. ಅದು ಎಳೆಯುದ್ದಕ್ಕೂ ಎರಡೂ ದಿಕ್ಕಿಗೆ ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ಹರಿಯುತ್ತದೆ. ಒಂದು ಘಟಕದ ಎಲ್ಲ ಎಳೆಗಳೂ ಹೆಚ್ಚುಕಡಿಮೆ ಒಟ್ಟಿಗೆ ಮಿಡಿಯುವುದರಿಂದ ಅವುಗಳ ವಿಭವಗಳು ಕೂಡಿ ಹೊರಗಿನಿಂದ ಹಿಡಿಯಬಲ್ಲ ಅಲೆಯಾಗುತ್ತವೆ. ಇಂಥ ಹತ್ತಾರು, ನೂರಾರು ಘಟಕಗಳ ಅಲೆಗಳು ಒಂದರ ಮೇಲೊಂದು ಬಿದ್ದು ಪರದೆಯ ಮೇಲೆ ಕಾಣುವ ದಟ್ಟ ಗೀಚುರೇಖೆಯಾಗುತ್ತವೆ.

ಬಲ ಹೆಚ್ಚಿಸಲು ದೇಹಕ್ಕೆ ಎರಡು ದಾರಿಗಳಿವೆ: ಹೊಸ ಘಟಕಗಳನ್ನು ಕೆಲಸಕ್ಕೆ ಕರೆಯುವುದು, ಈಗಾಗಲೇ ಕೆಲಸದಲ್ಲಿರುವುವನ್ನು ಇನ್ನಷ್ಟು ಬೇಗಬೇಗ ಮಿಡಿಸುವುದು. ಕರೆಯುವಾಗ ಚಿಕ್ಕವು ಮೊದಲು, ದೊಡ್ಡವು ಆಮೇಲೆ ಬರುತ್ತವೆ. ಈ ಗಾತ್ರಕ್ರಮವನ್ನು ಎಲ್ವುಡ್ ಹೆನ್ನೆಮನ್ 1957ರಿಂದ 1965ರ ನಡುವಿನ ಪ್ರಯೋಗಗಳಲ್ಲಿ ತೋರಿಸಿದರು. ವಿದ್ಯುತ್ತಿನ ಮಿಡಿತಕ್ಕೂ ಬಲ ಕಾಣಿಸುವುದಕ್ಕೂ ನಡುವೆ ಕೆಲವು ಹತ್ತು ಮಿಲಿಸೆಕೆಂಡುಗಳ ಬಿಡುವಿರುತ್ತದೆ. ಕೈ ಅಲುಗುವ ಮೊದಲೇ ಇಎಂಜಿ ಅಲುಗುತ್ತದೆ. ವರ್ತನೆಯ ಅಧ್ಯಯನಕ್ಕೆ ಈ ಬಿಡುವು ಬಲು ಉಪಯುಕ್ತ.

ಇತಿಹಾಸ

ಇಟಲಿಯ ಫ್ರಾಂಚೆಸ್ಕೊ ರೇಡಿ 17ನೇ ಶತಮಾನದಲ್ಲಿ ವಿದ್ಯುತ್ ತೊರಕೆ ಮೀನನ್ನು ಕೊಯ್ದು ನೋಡಿ, ಅದರ ಹೊಡೆತ ಸ್ನಾಯುವಿನಂಥ ಅಂಗದಿಂದ ಬರುತ್ತದೆಂದು ಗುರುತಿಸಿದ. ಬೊಲೋನ್ಯದ ಲೂಯಿಜಿ ಗ್ಯಾಲ್ವಾನಿ 1791ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ವಿದ್ಯುತ್ ಕಿಡಿಗೂ ಲೋಹದ ಸ್ಪರ್ಶಕ್ಕೂ ಸತ್ತ ಕಪ್ಪೆಯ ಕಾಲು ಜಿಗಿಯುವುದನ್ನು ವರ್ಣಿಸಿ, ಪ್ರಾಣಿದೇಹದೊಳಗೇ ವಿದ್ಯುತ್ತಿದೆ ಎಂದು ವಾದಿಸಿದ. ಎರಡು ಲೋಹಗಳ ಸಂಪರ್ಕದಿಂದ ಹುಟ್ಟಿದ ವಿದ್ಯುತ್ತು ಅದು ಎಂದು ಅಲೆಸ್ಸಾಂಡ್ರೊ ವೋಲ್ಟಾ ಅಡ್ಡಬಂದ. ಆ ಜಗಳದಿಂದ 1800ರಲ್ಲಿ ವೋಲ್ಟಾನ ವಿದ್ಯುತ್ ಕೋಶ ಹುಟ್ಟಿತು. ಗ್ಯಾಲ್ವಾನಿಯ ಮಾತೂ ಸುಳ್ಳಾಗಲಿಲ್ಲ. ಕಾರ್ಲೊ ಮತ್ತೆಉಚ್ಚಿ ಕಪ್ಪೆಯ ಸ್ನಾಯುವಿನಲ್ಲಿ ವಿದ್ಯುತ್ ಪ್ರವಾಹವಿರುವುದನ್ನು ಮುಂದೆ ಅಳೆದು ತೋರಿಸಿದ.

ಜೀವಂತ ಮನುಷ್ಯನ ಸ್ನಾಯುವಿನಿಂದ ವಿದ್ಯುತ್ತನ್ನು ಹಿಡಿದವನು ಬರ್ಲಿನ್ನಿನ ಎಮಿಲ್ ಡು ಬ್ವಾ ರೇಮಾಂಡ್, 1849ರ ಹೊತ್ತಿಗೆ. ಎರಡು ಕೈಗಳ ಬೆರಳುಗಳನ್ನು ಉಪ್ಪುನೀರಿನ ಎರಡು ಪಾತ್ರೆಗಳಲ್ಲಿ ಅದ್ದಿಸಿ, ಅವುಗಳಿಗೆ ಸಾವಿರಾರು ಸುತ್ತು ತಂತಿಯ ಗ್ಯಾಲ್ವನೋಮೀಟರನ್ನು ಜೋಡಿಸಿ, ಒಂದೇ ತೋಳನ್ನು ಬಿಗಿಯುವಂತೆ ಹೇಳಿದ. ಮುಳ್ಳು ಓಲಾಡಿತು. ಚರ್ಮವೇ ವಿದ್ಯುತ್ತಿಗೆ ತಡೆ ಎಂದು ಅರಿತ ಅವನು ಗುಳ್ಳೆ ಎಬ್ಬಿಸಿ ಚರ್ಮ ಸುಲಿದ ಜಾಗದಿಂದ ಅಳೆದಾಗ ಮುಳ್ಳು ಇನ್ನಷ್ಟು ಓಲಾಡಿತು. ಅದೇ ಶತಮಾನದಲ್ಲಿ ಪ್ಯಾರಿಸ್ಸಿನ ವೈದ್ಯ ಡುಶೆನ್ ಎದುರು ದಿಕ್ಕಿನಿಂದ ಹೊರಟ. ಮುಖದ ಸ್ನಾಯುಗಳಿಗೆ ಒಂದೊಂದಾಗಿ ವಿದ್ಯುತ್ ಕೊಟ್ಟು, ಯಾವುದು ಕುಗ್ಗಿದರೆ ಯಾವ ಭಾವ ಮೂಡುತ್ತದೆಂದು ಛಾಯಾಚಿತ್ರ ತೆಗೆದು 1862ರಲ್ಲಿ ಪುಸ್ತಕ ಮಾಡಿದ. ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಮನುಷ್ಯ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿ ಕುರಿತು ಬರೆದ ಗ್ರಂಥದಲ್ಲಿ ಆ ಚಿತ್ರಗಳನ್ನು ಬಳಸಿಕೊಂಡ.

20ನೇ ಶತಮಾನದಲ್ಲಿ ಉಪಕರಣಗಳು ಚುರುಕಾದವು. ಜರ್ಮನಿಯ ಹಾನ್ಸ್ ಪೈಪರ್ 1912ರಲ್ಲಿ ಮನುಷ್ಯರ ಸ್ನಾಯುವಿದ್ಯುತ್ತಿನ ಬಗ್ಗೆ ಮೊದಲ ವಿಸ್ತಾರ ಗ್ರಂಥ ಹೊರತಂದ. ಅಮೆರಿಕದ ಜೋಸೆಫ್ ಅರ್ಲಾಂಗರ್ ಮತ್ತು ಹರ್ಬರ್ಟ್ ಗ್ಯಾಸರ್ 1922ರಲ್ಲಿ ಕ್ಯಾಥೋಡ್ ಕಿರಣದ ಆಸಿಲೋಸ್ಕೋಪನ್ನು ಜೈವಿಕ ಸಂಕೇತಗಳಿಗೆ ಒಗ್ಗಿಸಿದರು. ಚಾರ್ಲ್ಸ್ ಶೆರಿಂಗ್ಟನ್ನನ ತಂಡ ಚಾಲಕ ಘಟಕದ ಕಲ್ಪನೆಯನ್ನು ರೂಪಿಸಿತು. ಎಡ್ಗರ್ ಏಡ್ರಿಯನ್ ಮತ್ತು ಡೆಟ್ಲೆವ್ ಬ್ರಾಂಕ್ 1929ರಲ್ಲಿ ಟೊಳ್ಳು ಸೂಜಿಯೊಳಗೆ ತಂತಿ ಕೂರಿಸಿದ ಎಲೆಕ್ಟ್ರೋಡನ್ನು ತಂದರು. ಒಂದೊಂದೇ ಘಟಕದ ಮಿಡಿತವನ್ನು ಧ್ವನಿವರ್ಧಕದಲ್ಲಿ ಟಕ್ ಟಕ್ ಎಂದು ಕೇಳುವುದು ಸಾಧ್ಯವಾಯಿತು. ಇಂದಿಗೂ ನರರೋಗ ತಜ್ಞರು ಪರದೆ ನೋಡುವಷ್ಟೇ ಗಮನವಿಟ್ಟು ಸದ್ದನ್ನು ಕೇಳುತ್ತಾರೆ. ಕೆನಡಾದ ಜಾನ್ ಬಾಸ್ಮಾಜಿಯನ್ 1962ರಲ್ಲಿ ಬರೆದ 'ಮಸಲ್ಸ್ ಅಲೈವ್' ಗ್ರಂಥ ಈ ವಿದ್ಯೆಯನ್ನು ಆಸ್ಪತ್ರೆಯಾಚೆಗಿನ ಚಲನೆಯ ಅಧ್ಯಯನಕ್ಕೆ ಕೊಂಡೊಯ್ದಿತು.

ಅಳೆಯುವ ಬಗೆ

ವರ್ತನೆಯ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವುದು ಮೇಲ್ಮೈ ಎಲೆಕ್ಟ್ರೋಡ್. ಮುಂದೋಳಿನ ಒಂದು ಪ್ರಯೋಗವನ್ನು ಹತ್ತಿರದಿಂದ ನೋಡಬಹುದು. ಮೊದಲು ಚರ್ಮವನ್ನು ಸ್ಪಿರಿಟ್ಟಿನಿಂದ ಒರೆಸಿ, ಸತ್ತ ಪದರ ಹೋಗುವಂತೆ ಹಗುರವಾಗಿ ಉಜ್ಜುತ್ತಾರೆ. ಡು ಬ್ವಾ ರೇಮಾಂಡ್ ಚರ್ಮ ಸುಲಿದು ಬಿಡಿಸಿದ್ದ ತೊಡಕನ್ನು ಈಗ ಇಷ್ಟರಲ್ಲೇ ಬಗೆಹರಿಸುತ್ತಾರೆ. ಬೆಳ್ಳಿ ಮತ್ತು ಬೆಳ್ಳಿ ಕ್ಲೋರೈಡಿನ ಎರಡು ಚಿಕ್ಕ ಬಿಲ್ಲೆಗಳನ್ನು ಜೆಲ್ ಸವರಿ, ಸ್ನಾಯುವಿನ ಎಳೆ ಹರಿಯುವ ದಿಕ್ಕಿನಲ್ಲೇ, ನಡುವೆ ಸುಮಾರು 20 ಮಿಲಿಮೀಟರ್ ಅಂತರವಿಟ್ಟು ಅಂಟಿಸುತ್ತಾರೆ. ಮೂರನೆಯ ಬಿಲ್ಲೆ ಮೂಳೆ ಎದ್ದುಕಾಣುವ ಜಾಗದಲ್ಲಿ, ಆಧಾರಕ್ಕೆ. ಕೈ ಸಡಿಲವಾಗಿ ಮೇಜಿನ ಮೇಲಿದ್ದಾಗ ಪರದೆಯಲ್ಲಿ ತುಸು ನಡುಗುವ ನೇರ ಗೆರೆ. ಮುಷ್ಟಿ ಬಿಗಿದರೆ ಗೆರೆ ಒಡೆದು ದಟ್ಟ ಪೊದೆಯಂತೆ ಮೇಲಕ್ಕೂ ಕೆಳಕ್ಕೂ ಹಬ್ಬುತ್ತದೆ. ಸಡಿಲಿಸಿದರೆ ಮತ್ತೆ ಗೆರೆ.

ವರ್ಧಕ ಎರಡು ಬಿಲ್ಲೆಗಳ ನಡುವಿನ ವ್ಯತ್ಯಾಸವನ್ನಷ್ಟೇ ಹಿಗ್ಗಿಸುತ್ತದೆ. ಕೋಣೆಯ ತಂತಿಗಳಿಂದ ಬರುವ 50 ಹರ್ಟ್ಸ್ ಗುಂಯ್‌ಗುಡುವಿಕೆ ಎರಡಕ್ಕೂ ಸಮನಾಗಿ ತಾಗುವುದರಿಂದ ಅದು ಬಹುಮಟ್ಟಿಗೆ ಕಳೆದುಹೋಗುತ್ತದೆ. ಮೇಲ್ಮೈ ಸಂಕೇತದ ಎತ್ತರ ಕೆಲವು ಮೈಕ್ರೊವೋಲ್ಟ್‌ನಿಂದ ಕೆಲವು ಮಿಲಿವೋಲ್ಟ್‌ವರೆಗೆ; ಉಪಯುಕ್ತ ಆವರ್ತನಗಳು ಸುಮಾರು 20ರಿಂದ 500 ಹರ್ಟ್ಸ್; ಅದರಲ್ಲೂ ಹೆಚ್ಚಿನ ಶಕ್ತಿ 50ರಿಂದ 150ರ ನಡುವೆ. ಹಾಗಾಗಿ ಕಂಪ್ಯೂಟರು ಸೆಕೆಂಡಿಗೆ 1,000ಕ್ಕಿಂತ ಕಡಿಮೆಯಿಲ್ಲದಷ್ಟು ಸಲ ಮಾದರಿ ತೆಗೆದುಕೊಳ್ಳಬೇಕು. ಕೆಳಗಿನ ಆವರ್ತನಗಳನ್ನು ಸೋಸಿ ತೆಗೆಯದಿದ್ದರೆ ತಂತಿಯ ಅಲುಗಾಟವೇ ಸ್ನಾಯುವಿನ ಕೆಲಸವೆಂಬಂತೆ ಕಾಣುತ್ತದೆ.

ಮೇಲಕ್ಕೂ ಕೆಳಕ್ಕೂ ಸಮನಾಗಿ ಆಡುವ ಈ ರೇಖೆಯ ಸರಾಸರಿ ತೆಗೆದರೆ ಸೊನ್ನೆ ಬರುತ್ತದೆ. ಅದಕ್ಕೇ ಋಣಭಾಗವನ್ನು ಮಗುಚಿ ಧನವಾಗಿಸಿ, ನುಣುಪಾಗಿಸಿ, ಅಥವಾ ವರ್ಗಗಳ ಸರಾಸರಿಯ ಮೂಲ ತೆಗೆದು ಎತ್ತರವನ್ನು ಹೇಳುತ್ತಾರೆ. ಒಬ್ಬರ ಮೈಕ್ರೊವೋಲ್ಟನ್ನು ಇನ್ನೊಬ್ಬರದಕ್ಕೆ ನೇರವಾಗಿ ಹೋಲಿಸುವಂತಿಲ್ಲ. ಚರ್ಮದಡಿಯ ಕೊಬ್ಬು, ಬಿಲ್ಲೆ ಕೂತ ಜಾಗ, ಬೆವರು ಎಲ್ಲವೂ ಅದನ್ನು ಬದಲಿಸುತ್ತವೆ. ಆದಕಾರಣ ಆ ವ್ಯಕ್ತಿ ಪೂರ್ಣ ಬಲ ಹಾಕಿ ಬಿಗಿದಾಗ ಬರುವ ಎತ್ತರವನ್ನು 100 ಎಂದಿಟ್ಟು ಉಳಿದುದನ್ನು ಶೇಕಡಾವಾರಿನಲ್ಲಿ ಲೆಕ್ಕ ಹಾಕುವುದು ವಾಡಿಕೆ. ಮುಖದ ಪ್ರಯೋಗಗಳಲ್ಲಿ ಚಿತ್ರ ತೋರಿಸುವ ಮುಂಚಿನ ಶಾಂತ ಕ್ಷಣದ ಮಟ್ಟಕ್ಕೆ ಹೋಲಿಸುತ್ತಾರೆ. 1990ರ ದಶಕದಲ್ಲಿ ಯುರೋಪಿನ ಸೆನಿಯಾಮ್ ಯೋಜನೆ ಬಿಲ್ಲೆಗಳ ಗಾತ್ರ, ಅಂತರ, ಜಾಗಗಳಿಗೆ ಸಾಮಾನ್ಯ ನಿಯಮಗಳನ್ನು ಕೊಟ್ಟಿತು.

ಕಣ್ಣಿಗೆ ಕಾಣದ ವರ್ತನೆ

ನೋಡುವವರಿಗೆ ಕಾಣುವುದಷ್ಟೇ ವರ್ತನೆಯೇ? ಈ ಪ್ರಶ್ನೆಗೆ ಇಎಂಜಿ ಕೊಟ್ಟ ಸ್ವಾರಸ್ಯದ ಉತ್ತರ ಕೊಲಂಬಿಯ ವಿಶ್ವವಿದ್ಯಾಲಯದ ರಾಲ್ಫ್ ಹೆಫರ್ಲಿನ್ ಮತ್ತು ಸಂಗಡಿಗರು 1959ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ. ಹನ್ನೆರಡು ಮಂದಿಯನ್ನು ಆರಾಮವಾಗಿ ಕೂರಿಸಿ ಕಿವಿಗೆ ಸಂಗೀತ ಹಾಕಲಾಯಿತು. ಎಡ ಹೆಬ್ಬೆರಳಿನ ಬುಡದಲ್ಲಿ ಎಲೆಕ್ಟ್ರೋಡ್. ಗಮನ ಬೇರೆಡೆಗೆ ಸೆಳೆಯಲೆಂದು ಇನ್ನೂ ಕೆಲವು ಕಡೆ ಸುಮ್ಮನೆ ಅಂಟಿಸಿದ ಬಿಲ್ಲೆಗಳು. ಸಂಗೀತದ ಮೇಲೆ ಕರ್ಕಶವಾದ ಸದ್ದೊಂದು ಬಂದು ಕೂರುತ್ತಿತ್ತು. ಹೆಬ್ಬೆರಳಿನ ಸ್ನಾಯು ಕಣ್ಣಿಗೆ ಕಾಣದಷ್ಟು, ಕೆಲವೇ ಮೈಕ್ರೊವೋಲ್ಟ್‌ನಷ್ಟು ಮಿಡಿದರೆ ಆ ಸದ್ದು ಸ್ವಲ್ಪ ಹೊತ್ತು ನಿಲ್ಲುತ್ತಿತ್ತು.

ಏನೂ ತಿಳಿಯದೆ ಸಂಗೀತ ಕೇಳುತ್ತಿದ್ದವರಲ್ಲಿ ಆ ಪುಟ್ಟ ಮಿಡಿತ ಹೆಚ್ಚುತ್ತ ಹೋಯಿತು. ಸದ್ದನ್ನು ನಿಲ್ಲಿಸಿದ್ದು ತಾವೇ ಎಂದು ಕೇಳಿ ಅವರಿಗೆ ಅಚ್ಚರಿ. ಯಾವುದೋ ಒಂದು ಸಣ್ಣ ಚಲನೆ ಸದ್ದನ್ನು ನಿಲ್ಲಿಸುತ್ತದೆ ಎಂದಷ್ಟೇ ಸುಳಿವು ಪಡೆದವರಲ್ಲಿ ಒಬ್ಬ ತಾನು ಗುಟ್ಟು ಕಂಡುಕೊಂಡೆನೆಂದು ಹೇಳಿದ. ಎರಡೂ ಕೈಗಳಲ್ಲಿ ಹುಟ್ಟು ಹಾಕಿದಂತೆ ನವಿರಾಗಿ ಆಡಿಸಿ, ಹರಡನ್ನು ತುಸು ಅಲುಗಿಸಿ, ದವಡೆಯನ್ನು ಎಡಕ್ಕೆ ಸರಿಸಿ, ಉಸಿರು ಬಿಟ್ಟು ಕಾಯಬೇಕು ಎಂಬುದು ಅವನ ಸಿದ್ಧಾಂತ. ಎಡ ಹೆಬ್ಬೆರಳನ್ನು ಅತಿ ಸ್ವಲ್ಪ ಮಿಡಿಸಬೇಕು ಎಂದು ಸ್ಪಷ್ಟವಾಗಿ ಹೇಳಿಸಿಕೊಂಡವರ ಪಾಡು ಇನ್ನೂ ಬೇರೆ. ಬೇಕೆಂದೇ ಮಿಡಿಸಹೊರಟಾಗ ಬರುತ್ತಿದ್ದುದು ಅಳತೆ ಮೀರಿದ ದೊಡ್ಡ ಮಿಡಿತ, ಅವರು ಸೋತರು. ಮಿಡಿತದ ಅಳತೆಯನ್ನು ಮೀಟರಿನಲ್ಲಿ ಕಂಡವರಿಗೆ ಮಾತ್ರ ಬೇಕೆಂದೇ ಮಾಡುವುದು ಒಲಿಯಿತು. ಮಾಡುವವನಿಗೂ ನೋಡುವವನಿಗೂ ಗೊತ್ತಾಗದ ಕೆಲಸವೊಂದನ್ನು ಅದರ ಫಲವೇ ರೂಢಿಸಬಲ್ಲುದು ಎಂಬುದು ಇದರ ತಾತ್ಪರ್ಯ.

ಬಾಸ್ಮಾಜಿಯನ್ 1963ರಲ್ಲಿ ಇದರ ಇನ್ನೊಂದು ಮಗ್ಗುಲನ್ನು ತೋರಿಸಿದರು. ಸೂಕ್ಷ್ಮ ಎಲೆಕ್ಟ್ರೋಡಿನಿಂದ ಬರುವ ಸಂಕೇತವನ್ನು ಪರದೆಯಲ್ಲಿ ಕಾಣುವಂತೆ, ಧ್ವನಿವರ್ಧಕದಲ್ಲಿ ಕೇಳುವಂತೆ ಮಾಡಿದರೆ ಸಾಮಾನ್ಯರೂ ಒಂದೇ ಒಂದು ಚಾಲಕ ಘಟಕವನ್ನು ಇಚ್ಛೆಯಂತೆ ಮಿಡಿಸಲು ಕಲಿತರು. ಕೆಲವರು ಬೆರಳು ಅಲುಗದಂತೆಯೇ ಹೆಬ್ಬೆರಳಿನ ಸ್ನಾಯುವಿನಲ್ಲಿ ಡೋಲಿನ ತಾಳ, ಕುದುರೆಯೋಟದ ಲಯ ನುಡಿಸಿದರು. ಬೆನ್ನುಹುರಿಯ ಒಂದು ಕೋಶಕ್ಕೆ ಮನಸ್ಸು ನೇರವಾಗಿ ಆಜ್ಞೆ ಕೊಡಬಲ್ಲುದು, ಅದರ ಸದ್ದು ಕಿವಿಗೆ ಬಿದ್ದರೆ.

ಆಲೋಚನೆ ಮತ್ತು ಮೂಕಮಾತು

20ನೇ ಶತಮಾನದ ಆರಂಭದಲ್ಲಿ ಅಮೆರಿಕದ ವರ್ತನಾವಾದಿ ಜಾನ್ ವಾಟ್ಸನ್, ಯೋಚನೆಯೆಂದರೆ ಗಂಟಲಲ್ಲಿ ನಡೆಯುವ ಒಳಮಾತಲ್ಲದೆ ಬೇರೆಯಲ್ಲ ಎಂದು ವಾದಿಸಿದ. ಈ ವಾದವನ್ನು ಒರೆಗೆ ಹಚ್ಚಲು ಬೇಕಿದ್ದ ಉಪಕರಣ ಒದಗಿದ್ದು 1930ರ ಹೊತ್ತಿಗೆ. ಷಿಕಾಗೊದ ಎಡ್ಮಂಡ್ ಜೇಕಬ್ಸನ್, ಬಲತೋಳನ್ನು ಎತ್ತುವಂತೆ ಬರೀ ಕಲ್ಪಿಸಿಕೊಳ್ಳಲು ಹೇಳಿದಾಗ ಆ ತೋಳಿನ ಸ್ನಾಯುವಿನಲ್ಲೇ ಸಣ್ಣ ವಿದ್ಯುತ್ ಕಾಣಿಸಿಕೊಳ್ಳುವುದನ್ನು ದಾಖಲಿಸಿದ. ಲೂಯಿ ಮ್ಯಾಕ್ಸ್ 1935 ಮತ್ತು 1937ರಲ್ಲಿ ಸನ್ನೆಭಾಷೆ ಬಳಸುವ ಕಿವುಡರ ಕೈಗಳಿಂದ ಸಂಕೇತ ಹಿಡಿದ. ಲೆಕ್ಕ ಬಿಡಿಸುವಾಗಲೂ ಕನಸು ಕಾಣುವಾಗಲೂ ಅವರ ಬೆರಳಿನ ಸ್ನಾಯುಗಳು, ಕಿವಿ ಕೇಳುವವರಿಗಿಂತ ಹೆಚ್ಚಾಗಿ, ಮಿಡಿಯುತ್ತಿದ್ದವು. ಒಳಮಾತು ಅವರವರ ಭಾಷೆಯ ಅಂಗದಲ್ಲೇ ನಡೆಯುತ್ತದೆ ಎನ್ನಲು ಇದಕ್ಕಿಂತ ಚಂದದ ಸಾಕ್ಷಿ ಸಿಗದು.

ಆದರೂ ವಾಟ್ಸನ್ ಗೆಲ್ಲಲಿಲ್ಲ. ಅಮೆರಿಕದ ಯೂಟಾದಲ್ಲಿ 1947ರಲ್ಲಿ ಸ್ಕಾಟ್ ಸ್ಮಿತ್ ಎಂಬ ಅರಿವಳಿಕೆ ತಜ್ಞ ಕುರಾರೆ ವಿಷದ ಸತ್ವವನ್ನು ತನಗೇ ಚುಚ್ಚಿಸಿಕೊಂಡ. ಮೈಯ ಸ್ನಾಯುಗಳೆಲ್ಲ ಸ್ತಬ್ಧವಾದವು. ಉಸಿರನ್ನೂ ಯಂತ್ರದಿಂದ ಕೊಡಬೇಕಾಯಿತು. ಔಷಧದ ಪ್ರಭಾವ ಇಳಿದ ಮೇಲೆ ಆ ಹೊತ್ತಿನಲ್ಲಿ ನಡೆದದ್ದು, ಕೇಳಿದ್ದು ಎಲ್ಲವನ್ನೂ ಅವನು ಹೇಳಿದ. ಸ್ನಾಯು ಮಿಡಿಯದೆಯೂ ಯೋಚನೆ ನಡೆಯುತ್ತದೆಂದು ಖಚಿತವಾಯಿತು. ಸ್ನಾಯು ಯೋಚನೆಯ ಜೊತೆಗೆ ನಡೆಯುವ ಸಂಗಾತಿ, ಯೋಚನೆಯೇ ಅಲ್ಲ.

ಸಂಗಾತಿಯಾದರೂ ಅದು ನಿರುಪಯುಕ್ತವಲ್ಲ. ಸ್ವೀಡನ್ನಿನ ಓಕೆ ಎಡ್‌ಫೆಲ್ಟ್ 1960ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೌನವಾಗಿ ಓದುವವರ ಮಾತಿನ ಸ್ನಾಯುಗಳೂ ಮಿಡಿಯುವುದು, ಪಠ್ಯ ಕಠಿಣವಾದಷ್ಟೂ ಹೆಚ್ಚು ಮಿಡಿಯುವುದು ಕಂಡಿತು. ಹಾರ್ಡಿಕ್ ಮತ್ತು ಸಂಗಡಿಗರು 1966ರಲ್ಲಿ, ಗಂಟಲು ಮಿಡಿದಾಗ ಸದ್ದು ಕೇಳಿಸುವ ಏರ್ಪಾಡು ಮಾಡಿ, ಒಳಗೊಳಗೇ ಉಚ್ಚರಿಸುತ್ತ ಓದುವ ಅಭ್ಯಾಸವನ್ನು ವಿದ್ಯಾರ್ಥಿಗಳಿಂದ ಬೇಗನೆ ಬಿಡಿಸಿದರು. ಅದೇ ತಂಡ 1970ರಲ್ಲಿ ಕಂಡಂತೆ, ಸುಲಭದ ಪಠ್ಯಕ್ಕೆ ಇದರಿಂದ ನಷ್ಟವಿಲ್ಲ. ಕಠಿಣ ಪಠ್ಯದಲ್ಲಿ ಮಾತ್ರ ಗಂಟಲನ್ನು ಹತ್ತಿಕ್ಕಿದವರ ಗ್ರಹಿಕೆ ಕುಗ್ಗಿತು.

ಮುಖಭಾವ

ಮುಖದಲ್ಲಿ ಹೆಚ್ಚಾಗಿ ಅಳೆಯುವುದು ಮೂರು ಜಾಗ: ಹುಬ್ಬನ್ನು ಗಂಟಿಕ್ಕುವ ಕಾರುಗೇಟರ್, ತುಟಿಯಂಚನ್ನು ಮೇಲಕ್ಕೆಳೆಯುವ ಜೈಗೋಮ್ಯಾಟಿಕಸ್, ಕಣ್ಣನ್ನು ಸುತ್ತುವರಿದ ಆರ್ಬಿಕ್ಯುಲಾರಿಸ್. ಹಿತವಾದುದನ್ನು ಕಂಡಾಗ ಕೆನ್ನೆಯ ಸ್ನಾಯು ಏರುತ್ತದೆ, ಹುಬ್ಬಿನದು ಇಳಿಯುತ್ತದೆ; ಅಹಿತವಾದುದಕ್ಕೆ ಇದರ ತಿರುವುಮುರುವು. ಗ್ಯಾರಿ ಶ್ವಾರ್ಟ್ಸ್ ತಂಡ 1976ರಲ್ಲಿ, ಸುಖದ ಮತ್ತು ದುಃಖದ ಸಂಗತಿಗಳನ್ನು ಕಲ್ಪಿಸಿಕೊಳ್ಳುವಾಗ ಮುಖ ನೋಡುವವರಿಗೆ ನಿರ್ಭಾವವಾಗಿ ಕಂಡರೂ ಸ್ನಾಯುಗಳ ವಿನ್ಯಾಸ ಬೇರೆಬೇರೆಯಾಗಿರುವುದನ್ನು, ಖಿನ್ನತೆಯಿದ್ದವರಲ್ಲಿ ಆ ವಿನ್ಯಾಸ ಬದಲಾಗುವುದನ್ನು ತೋರಿಸಿತು. ಜಾನ್ ಕಸಿಯೊಪ್ಪೊ ಮತ್ತು ಸಹೋದ್ಯೋಗಿಗಳು 1980ರ ದಶಕದಲ್ಲಿ ಈ ವಿಧಾನಕ್ಕೆ ಶಿಸ್ತು ತಂದರು.

ಸ್ವೀಡನ್ನಿನ ಉಪ್ಸಾಲದ ಉಲ್ಫ್ ಡಿಂಬೆರಿ 1982ರಲ್ಲಿ, ನಗುಮುಖದ ಚಿತ್ರ ನೋಡಿದವರ ಕೆನ್ನೆ, ಸಿಟ್ಟಿನ ಮುಖ ನೋಡಿದವರ ಹುಬ್ಬು ಮಿಡಿಯುವುದನ್ನು ಕಂಡುಕೊಂಡರು. 2000ದಲ್ಲಿ ಅವರ ತಂಡ ಭಾವದ ಮುಖವನ್ನು 30 ಮಿಲಿಸೆಕೆಂಡು ಮಾತ್ರ ತೋರಿಸಿ, ಹಿಂದೆಯೇ ನಿರ್ಭಾವದ ಮುಖವನ್ನಿಟ್ಟಿತು. ನೋಡಿದವರಿಗೆ ಎರಡನೆಯದಷ್ಟೇ ಕಂಡದ್ದು. ಸ್ನಾಯುಗಳು ಮೊದಲನೆಯದಕ್ಕೆ ತಕ್ಕಂತೆ ಮಿಡಿದವು. ನಿಜವಾದ ಸಂತಸದ ನಗುವಿನಲ್ಲಿ ಕಣ್ಣಿನ ಸ್ನಾಯುವೂ ಸೇರುತ್ತದೆ, ಹುಸಿನಗುವಿನಲ್ಲಿ ಬರೀ ತುಟಿ ಎಂದು ಡುಶೆನ್ ಹೇಳಿದ್ದ. ಇದು ಸ್ಥೂಲವಾಗಿ ಸರಿ. ಆದರೆ ಅಭ್ಯಾಸವಿದ್ದವರು ಕಣ್ಣಿನಿಂದಲೂ ನಗಬಲ್ಲರು ಎಂದು ಈಚಿನ ಅಧ್ಯಯನಗಳು ಎಚ್ಚರಿಸುತ್ತವೆ.

ಮುಖದ ಸ್ನಾಯುವೇ ಭಾವವನ್ನು ಹುಟ್ಟಿಸುತ್ತದೆಯೇ ಎಂಬುದು ಇನ್ನೊಂದು ವಾದ. ನಗುವಿನ ಸ್ನಾಯು ಬಿಗಿಯುವಂತೆ ಹಲ್ಲಿನ ನಡುವೆ ಪೆನ್ನು ಕಚ್ಚಿಕೊಂಡವರಿಗೆ ವ್ಯಂಗ್ಯಚಿತ್ರ ಹೆಚ್ಚು ತಮಾಷೆಯೆನಿಸಿತು ಎಂಬ 1988ರ ಹೆಸರಾಂತ ಪ್ರಯೋಗವನ್ನು 2016ರಲ್ಲಿ 17 ಪ್ರಯೋಗಾಲಯಗಳು ಮತ್ತೆ ಮಾಡಿದಾಗ ಆ ಫಲ ಸಿಗಲಿಲ್ಲ. ಪರಿಣಾಮ ಇದ್ದರೂ ಅದು ಸಣ್ಣದು ಎಂಬುದು ಈಗಿನ ಎಚ್ಚರದ ನಿಲುವು.

ಬೆಚ್ಚುವಿಕೆ

ಹಠಾತ್ ಸದ್ದಿಗೆ ಎಲ್ಲಕ್ಕಿಂತ ಮೊದಲು ಮಿಡಿಯುವುದು ಕಣ್ಣಿನ ಸುತ್ತಿನ ಸ್ನಾಯು, ಸುಮಾರು 30ರಿಂದ 50 ಮಿಲಿಸೆಕೆಂಡಿನಲ್ಲಿ. ಕಾರ್ನೆ ಲ್ಯಾಂಡಿಸ್ ಮತ್ತು ವಿಲಿಯಂ ಹಂಟ್ 1939ರಲ್ಲಿ ಪಿಸ್ತೂಲಿನ ಸದ್ದಿಗೆ ಬೆಚ್ಚುವವರನ್ನು ಅತಿವೇಗದ ಚಲನಚಿತ್ರದಲ್ಲಿ ಸೆರೆಹಿಡಿದಿದ್ದರು. ಫ್ಲಾರಿಡಾದ ಪೀಟರ್ ಲ್ಯಾಂಗ್ ಮತ್ತು ಸಹೋದ್ಯೋಗಿಗಳು 1988ರಿಂದ 1990ರ ನಡುವೆ ತೋರಿಸಿದ್ದೇನೆಂದರೆ, ಭಯಾನಕ ಚಿತ್ರ ನೋಡುತ್ತಿರುವಾಗ ಸದ್ದು ಬಂದರೆ ಮಿಟುಕು ದೊಡ್ಡದು, ಹಿತವಾದ ಚಿತ್ರ ನೋಡುತ್ತಿರುವಾಗ ಚಿಕ್ಕದು. ಕತ್ತಲಲ್ಲಿ ಅಂಜುತ್ತ ಹೋಗುವವನು ಸಣ್ಣ ಸಪ್ಪಳಕ್ಕೂ ಹೌಹಾರುವುದಕ್ಕೆ ಇಲ್ಲಿ ಅಂಕಿ ಸಿಕ್ಕಿತು. ದೊಡ್ಡ ಸದ್ದಿಗೆ ತುಸು ಮೊದಲು ಮೆಲುಸದ್ದೊಂದು ಬಂದರೆ ಮಿಟುಕು ತಗ್ಗುತ್ತದೆ. ಸ್ಕಿಜೋಫ್ರೀನಿಯಾ ಇರುವವರಲ್ಲಿ ಈ ತಗ್ಗುವಿಕೆ ಕಡಿಮೆ ಎಂದು ಡೇವಿಡ್ ಬ್ರಾಫ್ ತಂಡ 1978ರಲ್ಲಿ ವರದಿ ಮಾಡಿತು. ಬೇಡದ ಸಂವೇದನೆಯನ್ನು ಸೋಸುವ ಮಿದುಳಿನ ಸಾಮರ್ಥ್ಯಕ್ಕೆ ಇದು ಅಳತೆಗೋಲಾಗಿದೆ.

ನಿರ್ಧಾರ ಮತ್ತು ತಪ್ಪು

ಪ್ರಯೋಗಾಲಯದಲ್ಲಿ ಕ್ರಿಯೆ ಆರಂಭವಾದ ಕ್ಷಣವನ್ನು ಗುರುತಿಸುವುದು ಇಎಂಜಿಯಿಂದಲೇ. ಬೆಂಜಮಿನ್ ಲಿಬೆಟ್‌ನ 1983ರ ಪ್ರಯೋಗದಲ್ಲಿ, ತಮಗೆ ಬೇಕೆನಿಸಿದಾಗ ಕೈ ಆಡಿಸಿದವರ ಮುಂದೋಳಿನ ಮಿಡಿತವನ್ನು ಸೊನ್ನೆಯೆಂದಿಟ್ಟು ಹಿಂದಕ್ಕೆ ಎಣಿಸಿದರೆ, ಮಿದುಳಿನ ಸಿದ್ಧತೆ ಸುಮಾರು 550 ಮಿಲಿಸೆಕೆಂಡು ಮೊದಲೇ ಶುರುವಾಗಿತ್ತು. ಮಾಡಬೇಕೆಂಬ ಇಚ್ಛೆ ಅರಿವಿಗೆ ಬಂದದ್ದು ಸುಮಾರು 200 ಮಿಲಿಸೆಕೆಂಡು ಮೊದಲು. ಸ್ವತಂತ್ರ ಇಚ್ಛೆಯ ಬಗೆಗಿನ ಚರ್ಚೆ ಇದರಿಂದ ಹೊಸ ತಿರುವು ಪಡೆಯಿತು. ಮೈಕಲ್ ಕೋಲ್ಸ್ ತಂಡ 1985ರಲ್ಲಿ, ಸೂಚನೆಗೆ ತಕ್ಕಂತೆ ಎಡ ಅಥವಾ ಬಲಗೈಯಿಂದ ಉತ್ತರಿಸುವವರ ಎರಡೂ ಕೈಗಳಿಂದ ಸಂಕೇತ ಹಿಡಿದು ಇನ್ನೊಂದನ್ನು ಕಂಡುಕೊಂಡಿತು. ಸರಿಯಾದ ಕೈಯಿಂದಲೇ ಉತ್ತರ ಬಂದ ಕೆಲವು ಸಂದರ್ಭಗಳಲ್ಲೂ ಮೊದಲು ತಪ್ಪು ಕೈಯ ಸ್ನಾಯು ತುಸು ಮಿಡಿದು ಅಡಗಿರುತ್ತದೆ. ಅಂಥ ಉತ್ತರ ತಡವಾಗುತ್ತದೆ. ಮಾಡಹೊರಟು ತಡೆದುಕೊಂಡ ತಪ್ಪು ದಾಖಲಾಗುವುದು ಸ್ನಾಯುವಿನಲ್ಲೇ.

ನಿದ್ರೆ

ಕನಸಿನ ನಿದ್ರೆಯಲ್ಲಿ ಕಣ್ಣುಗುಡ್ಡೆಗಳು ಓಡಾಡುತ್ತವೆ, ಕೈಕಾಲಿನ ಸ್ನಾಯುಗಳು ಮಾತ್ರ ಕಳಚಿಟ್ಟಂತೆ ಸಡಿಲವಾಗುತ್ತವೆ. ಫ್ರಾನ್ಸಿನ ಮಿಶೆಲ್ ಜುವೆ ಇದನ್ನು 1959ರಲ್ಲಿ ಬೆಕ್ಕುಗಳಲ್ಲಿ ಗುರುತಿಸಿದ. ನಿದ್ರಾ ಪ್ರಯೋಗಾಲಯಗಳಲ್ಲಿ ಗದ್ದಕ್ಕೆ ಎಲೆಕ್ಟ್ರೋಡ್ ಹಾಕುವುದು ಈ ಸಡಿಲಿಕೆಯನ್ನು ಪತ್ತೆಹಚ್ಚಲೆಂದೇ. ಸ್ನಾಯುಗಳನ್ನು ಹೀಗೆ ಅಲುಗದಂತೆ ಇಡುವ ಬೀಗ ಕೆಟ್ಟವರು ಕನಸಿನಲ್ಲಿ ಓಡಿದರೆ ಹಾಸಿಗೆಯಲ್ಲೂ ಕಾಲು ಝಾಡಿಸುತ್ತಾರೆ, ಜಗಳವಾಡಿದರೆ ಪಕ್ಕದಲ್ಲಿದ್ದವರಿಗೆ ಗುದ್ದುತ್ತಾರೆ. ಅಮೆರಿಕದ ಮಿನ್ನೆಸೋಟದ ಕಾರ್ಲೋಸ್ ಶೆಂಕ್ ಮತ್ತು ಮಾರ್ಕ್ ಮಹೊವಾಲ್ಡ್ 1986ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ವರ್ಣಿಸಿದರು. ಇವರಲ್ಲಿ ಹಲವರಿಗೆ ವರ್ಷಗಳ ನಂತರ ಪಾರ್ಕಿನ್ಸನ್ ರೋಗ ಅಥವಾ ಅದರ ಹತ್ತಿರದ ಮರೆವಿನ ರೋಗ ಬರುವುದರಿಂದ, ಗದ್ದದ ಗೆರೆ ಮುನ್ಸೂಚನೆಯೂ ಹೌದು.

ಬಿಗಿತ, ಸಡಿಲಿಕೆ, ಬಯೋಫೀಡ್‌ಬ್ಯಾಕ್

ತಾನು ಸಡಿಲವಾಗಿದ್ದೇನೆಂದು ನಂಬಿ ಮಲಗಿದವರಲ್ಲೂ ಬಿಗಿತ ಉಳಿದಿರುತ್ತದೆ ಎಂಬುದನ್ನು ಅಳೆದು ತೋರಿಸಿದ ಜೇಕಬ್ಸನ್, 1929ರ ತನ್ನ ಗ್ರಂಥದಲ್ಲಿ ಒಂದೊಂದೇ ಸ್ನಾಯುಗುಂಪನ್ನು ಬಿಗಿದು ಬಿಡುವ ಕ್ರಮವಾದ ವಿಶ್ರಾಂತಿಯನ್ನು ವಿವರಿಸಿದ. ಆತಂಕದ ಚಿಕಿತ್ಸೆಯಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಥಾಮಸ್ ಬುಡ್ಜಿನ್‌ಸ್ಕಿ ಮತ್ತು ಯೋಹಾನ್ ಸ್ಟೋಯ್ವಾ 1970ರ ಹೊತ್ತಿಗೆ ಹಣೆಯ ಸ್ನಾಯುವಿನ ಬಿಗಿತವನ್ನು ಸ್ವರವಾಗಿ ಕೇಳಿಸಿ, ಸ್ವರವನ್ನು ಇಳಿಸಲು ಕಲಿಸಿ, ಬಿಗಿತದ ತಲೆನೋವಿಗೆ ಚಿಕಿತ್ಸೆ ಮಾಡಿದರು. ಪಾರ್ಶ್ವವಾಯುವಿನ ನಂತರದ ಪುನಶ್ಚೇತನ, ನಿದ್ದೆಯಲ್ಲಿ ಹಲ್ಲು ಕಡಿಯುವಿಕೆ, ಶ್ರೋಣಿತಳದ ಸ್ನಾಯುಗಳ ತರಬೇತಿಗೂ ಈ ಬಯೋಫೀಡ್‌ಬ್ಯಾಕ್ ಬಳಕೆಯಾಗಿದೆ.

ಸ್ನಾಯುವಿನ ಪಾತ್ರವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಭಾರತದಲ್ಲೇ ಒಂದು ನಿದರ್ಶನವಿದೆ. ಹೃದಯ ನಿಲ್ಲಿಸಬಲ್ಲೆವೆಂದ ಯೋಗಿಗಳನ್ನು ಅಮೆರಿಕದ ವೆಂಗರ್, ಬಾಗ್ಚಿ ಮತ್ತು ದೆಹಲಿಯ ಬಿ. ಕೆ. ಆನಂದ್ ಪರೀಕ್ಷಿಸಿ 1961ರಲ್ಲಿ ವರದಿ ಮಾಡಿದರು. ನಾಡಿ ಬೆರಳಿಗೆ ಸಿಗದಾದಾಗಲೂ, ಎದೆಬಡಿತ ಕಿವಿಗೆ ಕೇಳದಾದಾಗಲೂ ಇಸಿಜಿ ಮಿಡಿಯುತ್ತಲೇ ಇತ್ತು. ಉಸಿರು ಬಿಗಿಹಿಡಿದು ಎದೆ ಹೊಟ್ಟೆಗಳ ಸ್ನಾಯುಗಳನ್ನು ಬಿಗಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತಿತ್ತು. ಸ್ನಾಯುಗಳ ಸದ್ದು ಹೃದಯದ ಸದ್ದನ್ನು ಮುಚ್ಚುತ್ತಿತ್ತು.

ಆಸ್ಪತ್ರೆ ಮತ್ತು ಯಂತ್ರ

ಸೂಜಿ ಇಎಂಜಿಯಲ್ಲಿ ಆರೋಗ್ಯವಂತ ಸ್ನಾಯು ವಿಶ್ರಾಂತಿಯಲ್ಲಿ ಮೌನವಾಗಿರುತ್ತದೆ. ನರ ಕಳೆದುಕೊಂಡ ಎಳೆಗಳು ತಾವಾಗಿಯೇ ಮಿಡಿಯತೊಡಗಿ, ತಗಡಿನ ಮಾಡಿನ ಮೇಲೆ ಮಳೆಹನಿ ಬಿದ್ದಂತೆ ಕೇಳಿಸುತ್ತವೆ. ಮಯೋಟೋನಿಯಾ ರೋಗದಲ್ಲಿ ಸದ್ದು ಏರಿ ಇಳಿದು, ದೂರ ಸಾಗುವ ಮೋಟಾರ್ ಸೈಕಲ್ಲಿನಂತಿರುತ್ತದೆ. ಮಯಸ್ತೇನಿಯಾ ಗ್ರೇವಿಸ್‌ನಲ್ಲಿ ನರವನ್ನು ಮತ್ತೆಮತ್ತೆ ಉತ್ತೇಜಿಸಿದಂತೆ ಸ್ನಾಯುವಿನ ಉತ್ತರ ಕುಗ್ಗುತ್ತ ಹೋಗುತ್ತದೆ. ಮಣಿಕಟ್ಟಿನಲ್ಲಿ ನರ ಒತ್ತಿಹೋದದ್ದನ್ನು ನರವೇಗದ ಪರೀಕ್ಷೆ ಪತ್ತೆ ಮಾಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಎಂ. ಗೌರಿದೇವಿ ಮತ್ತು ಸಹೋದ್ಯೋಗಿಗಳು ಹೆಚ್ಚಾಗಿ ಯುವಕರಲ್ಲಿ ಒಂದೇ ಕೈ ಅಥವಾ ಒಂದೇ ಕಾಲು ಸೊರಗುವ ಕಾಯಿಲೆಯನ್ನು 1984ರಲ್ಲಿ ಏಕಾಂಗ ಸ್ನಾಯುಕ್ಷಯವೆಂಬ ಅರ್ಥದ ಹೆಸರಿನಿಂದ ವರ್ಣಿಸಿದರು. ಇಂಥಲ್ಲಿ ತೊಂದರೆ ಇರುವುದು ಸ್ನಾಯುವಿನಲ್ಲೋ ಅದನ್ನಾಳುವ ನರಕೋಶದಲ್ಲೋ ಎಂದು ಬೇರ್ಪಡಿಸಲು ಇಎಂಜಿ ನೆರವಾಗುತ್ತದೆ.

ಕೈ ಕಳೆದುಕೊಂಡವರ ಉಳಿದ ತೋಳಿನಲ್ಲಿ ಆಜ್ಞೆಗಳು ಬರುತ್ತಲೇ ಇರುತ್ತವೆ. ಜರ್ಮನಿಯ ರೈನ್‌ಹೋಲ್ಡ್ ರೈಟರ್ 1948ರಲ್ಲಿ ಆ ಸಂಕೇತದಿಂದ ನಡೆಯುವ ಕೃತಕ ಕೈಯನ್ನು ವಿವರಿಸಿದ. 1960ರಲ್ಲಿ ಸೋವಿಯತ್ ಒಕ್ಕೂಟದ ಕೊಬ್ರಿನ್‌ಸ್ಕಿ ತಂಡದ ಕೈ ಹೆಸರಾಯಿತು. ಷಿಕಾಗೊದ ಟಾಡ್ ಕುಯಿಕೆನ್ 2000ದ ದಶಕದಲ್ಲಿ, ಕತ್ತರಿಸಿಹೋದ ಕೈಯ ನರಗಳನ್ನು ಎದೆಯ ಸ್ನಾಯುವಿಗೆ ಹೊಲಿದು, ಕೈ ಮಡಚಬೇಕೆಂದು ಬಯಸಿದರೆ ಎದೆ ಮಿಡಿದು ಯಂತ್ರದ ಕೈ ಮಡಚುವಂತೆ ಮಾಡಿದರು. ಮಣಿಕಟ್ಟಿನ ಸಂಕೇತದಿಂದ ಕನ್ನಡಕದ ಪರದೆಯನ್ನು ನಡೆಸುವ ಪಟ್ಟಿಯನ್ನು ಮೆಟಾ ಕಂಪನಿ 2025ರಲ್ಲಿ ಮಾರುಕಟ್ಟೆಗೆ ತಂದಿತು. ಕಣ್ಣಿಗೆ ಕಾಣದಷ್ಟು ಸಣ್ಣ ಮಿಡಿತವೂ ಈಗ ಯಂತ್ರಕ್ಕೆ ಆಜ್ಞೆ.

ಮಿತಿಗಳು

ಚರ್ಮದ ಮೇಲಿನ ಎಲೆಕ್ಟ್ರೋಡ್ ಪಕ್ಕದ ಸ್ನಾಯುವಿನ ಮಾತನ್ನೂ ಕೇಳಿಸಿಕೊಳ್ಳುತ್ತದೆ. ಮುಖದಂಥ ಇಕ್ಕಟ್ಟಿನ ಜಾಗದಲ್ಲಿ ಇದು ದೊಡ್ಡ ತೊಡಕು. ಎದೆ, ಬೆನ್ನುಗಳಲ್ಲಿ ಹೃದಯದ ಬಡಿತ ನುಸುಳುತ್ತದೆ. ಸಂಕೇತದ ಎತ್ತರ ಬಲದ ನೇರ ಅಳತೆಯಲ್ಲ: ದಣಿದ ಸ್ನಾಯು ಅದೇ ಭಾರಕ್ಕೆ ಹೆಚ್ಚು ಎತ್ತರದ, ಕಡಿಮೆ ಆವರ್ತನದ ಸಂಕೇತ ಕೊಡುತ್ತದೆ, ಭಾರವನ್ನು ಮೆಲ್ಲಗೆ ಇಳಿಸುವಾಗ ಎತ್ತುವಾಗಿನದಕ್ಕಿಂತ ಕಡಿಮೆ. ಮುಖಕ್ಕೆ ತಂತಿ ಅಂಟಿಸಿಕೊಂಡು ಕೂತವರು ಸಹಜವಾಗಿ ವರ್ತಿಸುತ್ತಾರೆಂದು ಹೇಳುವಂತೆಯೂ ಇಲ್ಲ.

ಇವೆಲ್ಲ ತಂತ್ರದ ತೊಡಕುಗಳು, ಸುಧಾರಿಸುವಂಥವು. ಅರ್ಥದ ತೊಡಕು ಹಾಗಲ್ಲ. ಹುಬ್ಬಿನ ಸ್ನಾಯು ಸಿಟ್ಟಿಗೆ ಮಿಡಿಯುತ್ತದೆ. ಕಷ್ಟದ ಲೆಕ್ಕಕ್ಕೂ ಮಿಡಿಯುತ್ತದೆ, ಎದುರು ಬಿಸಿಲಿಗೂ ಮಿಡಿಯುತ್ತದೆ. ಮೂರರ ಗೆರೆಯೂ ಒಂದೇ. ಯಾವ ಸಂದರ್ಭ, ಎದುರಿಗೆ ಏನಿತ್ತು, ಮುಂಚೆ ಏನಾಗಿತ್ತು ಎಂದು ತಿಳಿಯದೆ ಗೆರೆಯಿಂದ ಮನಸ್ಸನ್ನು ಓದಹೊರಟವನು, ಹುಟ್ಟು ಹಾಕಿದಂತೆ ಕೈಯಾಡಿಸಿ ಸದ್ದು ನಿಲ್ಲಿಸಿದೆನೆಂದು ನಂಬಿದ ಹೆಫರ್ಲಿನ್ನನ ಆ ಕೇಳುಗನಂತೆಯೇ, ಗುಟ್ಟು ಸಿಕ್ಕಿತೆಂದು ಭ್ರಮಿಸುತ್ತಾನೆ. ಆಜ್ಞೆ ಬಂದಿತ್ತು, ಇಷ್ಟು ಹೊತ್ತಿಗೆ, ಇಷ್ಟು ಬಲವಾಗಿ ಬಂದಿತ್ತು ಎಂಬಷ್ಟಕ್ಕೆ ಇಎಂಜಿ ಸಾಕ್ಷಿ. ಆಜ್ಞೆ ಏಕೆ ಬಂತು ಎಂಬುದನ್ನು ತಿಳಿಯಲು ಪ್ರಯೋಗವನ್ನು ಜಾಣತನದಿಂದ ಹೆಣೆಯಬೇಕು.